ವಿಮಾನಕ್ಕೆ ಎತ್ತಿದ ಅಂಗೈ

ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಗಳಿಗೆ ನನ್ನ ಮೊಬೈಲಿನಲ್ಲಿ ಅಚ್ಚಾಗಿ ಉಳಿದಿದೆ. ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿಗೆ ನಾನು ಕಳಿಸಿದ ಒಂದು ವಿಡಿಯೋದ ಕೆಳಗೆ, ಎರಡು ನೀಲಿ ಗೀಟುಗಳ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ 4.10 ಎಂದಿದೆ. ವಿಡಿಯೋದಲ್ಲಿ ಹದಿಮೂರು ತಿಂಗಳ ಗಾರ್ಗಿ, ನನ್ನ ತಮ್ಮನ ಮಗಳು, ಬಲಗೈ ಎತ್ತಿ, ಅಂಗೈ ಮುಂದೆ ಮಾಡಿ, ಟ್ರಾಫಿಕ್ ಪೊಲೀಸನ ಗಾಂಭೀರ್ಯದಲ್ಲಿ ಕುಳಿತಿದ್ದಾಳೆ. ಹಿನ್ನೆಲೆಯಲ್ಲಿ ವಿಮಾನದ ಮೊರೆತ. ಅದರ ಕೆಳಗೆ ನನ್ನ ಷರಾ: “ಏರ್‌ಪೋರ್ಟಿನ ಹೊಸ ಆಫೀಸರ್. ಕಿವಿ ಎಷ್ಟು ಚುರುಕು ನೋಡಿ!”

ಮೊನ್ನೆ ಮೊಬೈಲಿನಲ್ಲಿ ಜಾಗ ಸಾಲದೆ ಹಳೆಯ ವಿಡಿಯೋಗಳನ್ನು ಅಳಿಸುತ್ತ ಕುಳಿತಿದ್ದಾಗ ಅದು ಮತ್ತೆ ಸಿಕ್ಕಿತು. ಅಳಿಸಲು ಬೆರಳು ಹೋಯಿತು, ಹಿಂದಕ್ಕೆ ಬಂತು. ಆ ಅಂಕಿ ನೋಡಿದರೆ ಸಾಕು, ಇವತ್ತಿಗೂ ನೀರಿನ ಟ್ಯಾಂಕರೊಂದರ ಹಿಂಭಾಗ ನನ್ನ ಕಣ್ಣೆದುರು ಹಿಮ್ಮುಖವಾಗಿ ಬರತೊಡಗುತ್ತದೆ. ಆದರೆ ಟ್ಯಾಂಕರಿನ ಕಥೆಗೆ ಮೊದಲು ಅಂಗೈಯ ಕಥೆ ಹೇಳಬೇಕು. ಇಲ್ಲದಿದ್ದರೆ ನಮ್ಮ ದಡ್ಡತನ ನಿಮಗೆ ಅರ್ಧವೇ ಅರ್ಥವಾದೀತು.

ಏರ್‌ಪೋರ್ಟಿನ ಪಕ್ಕದ ವಿಲೆ ಪಾರ್ಲೆಯಲ್ಲಿ ನಮ್ಮದು ಹಳೆಯ ಬಿಲ್ಡಿಂಗು, ಮೂರನೆಯ ಮಹಡಿ. ವಿಮಾನಗಳು ನಮ್ಮ ತಾರಸಿಯನ್ನು ಸವರಿಕೊಂಡೇ ಮೇಲೇರುತ್ತವೆ ಎಂದು ಬಂದವರಿಗೆಲ್ಲ ಅನ್ನಿಸುತ್ತದೆ. ಹೊಸಬರು ತಲೆ ತಗ್ಗಿಸುತ್ತಾರೆ. ನಾವು ತಗ್ಗಿಸುವುದಿಲ್ಲ, ಆಡುತ್ತಿದ್ದ ಮಾತನ್ನು ಇದ್ದಲ್ಲೇ ಬಿಟ್ಟು ಬಲಗೈ ಎತ್ತುತ್ತೇವೆ. ಇದು ಅಪ್ಪ ಹಾಕಿಕೊಟ್ಟ ಪದ್ಧತಿ. ಇಂಡಿ ತಾಲೂಕಿನಿಂದ ಗುಮಾಸ್ತೆಯ ಕೆಲಸಕ್ಕೆಂದು ಬಂದ ಅಪ್ಪ ವಿಮಾನದೊಡನೆ ಗಂಟಲಿನ ಪಂದ್ಯ ಕಟ್ಟುವ ಗೋಜಿಗೆ ಹೋಗಲಿಲ್ಲ. ಕೈ ಎತ್ತಿದರೆ ‘ತಾಳ್ರಿ, ಹೋಗಲಿ’ ಎಂದು ಅರ್ಥ. ವಿಮಾನ ಹೋದಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ನಮಗೆ ಕಥೆ ಹೇಳುವಾಗ “ಹುಲಿ ದೊಡ್ಡದಾಗಿ ಬಾಯಿ ತಗೀತು, ತಗದು...” ಎನ್ನುವಷ್ಟರಲ್ಲಿ ಕೈ ಮೇಲೇಳುತ್ತಿತ್ತು. ನಾನೂ ನನ್ನ ತಮ್ಮ ಪ್ರಕಾಶನೂ ಅರ್ಧ ನಿಮಿಷ ಹುಲಿಯ ಬಾಯಲ್ಲೇ ಕುಳಿತಿರುತ್ತಿದ್ದೆವು. ಸದ್ದು ಅಡಗುತ್ತಲೂ ಅಪ್ಪ ಕೈ ಇಳಿಸಿ, “ಆಕಳಿಸ್ತು” ಎನ್ನುತ್ತಿದ್ದ.

ಈ ಪದ್ಧತಿ ನನ್ನ ಮದುವೆಗೂ ಕೈ ಹಾಕಿದ್ದುಂಟು. ಒಮ್ಮೆ ಗ್ರಾಂಟ್ ರೋಡಿನಿಂದ ಗಂಡಿನ ಕಡೆಯವರು ನೋಡಲು ಬಂದಿದ್ದರು. ಉಪ್ಪಿಟ್ಟು ಮುಗಿದಿತ್ತು, ಚಹಾ ಬಂದಿತ್ತು. ಹುಡುಗನ ಸೋದರಮಾವ ಗಂಟಲು ಸರಿಮಾಡಿಕೊಂಡು, “ಹಂಗಾರ ನಿಮ್ಮ ಕಡಿಂದ ಒಪ್ಪಿಗಿ ಅಂತ ತಿಳ್ಕೋಬಹುದೇನ್ರಿ?” ಎಂದು ಕೇಳಿದರು. ಅದೇ ಕ್ಷಣಕ್ಕೆ ವಿಮಾನ. ಅಪ್ಪ, ಅವ್ವ, ಪ್ರಕಾಶ, ಕೊನೆಗೆ ನಾಚಿಕೊಂಡು ಮೂಲೆಯಲ್ಲಿ ಕುಳಿತಿದ್ದ ನಾನು, ನಾಲ್ವರೂ ಒಟ್ಟಿಗೆ ಅಂಗೈ ಎತ್ತಿದೆವು. ಮಾವನವರ ಮುಖ ಕಪ್ಪಿಟ್ಟಿತು. ಸದ್ದು ಅಡಗುವುದರೊಳಗೆ ಅವರು ಚಪ್ಪಲಿ ಮೆಟ್ಟಿ ಎರಡನೆಯ ಮಹಡಿಯಲ್ಲಿದ್ದರು. ಆ ಹುಡುಗ ಈಗ ವಿಕ್ರೋಳಿಯಲ್ಲಿದ್ದಾನೆ. ಒಮ್ಮೆ ಲೋಕಲಿನಲ್ಲಿ ಕಂಡ. ವಿಮಾನಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ ಎಂದಷ್ಟೇ ಹೇಳುತ್ತೇನೆ.

ಅಪ್ಪ ಹೋದಮೇಲೂ ಅಂಗೈ ಉಳಿಯಿತು. ಮನೆಯಲ್ಲೀಗ ಅವ್ವ, ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ ಪಾಳಿಯ ಕೆಲಸ ಮಾಡುವ ಪ್ರಕಾಶ, ಅವನ ಹೆಂಡತಿ ಸವಿತಾ, ನಾನು. ನಾನು ಕಾಲೇಜೊಂದರ ಲೈಬ್ರರಿಯಲ್ಲಿದ್ದೇನೆ. ಅಲ್ಲಿಯೂ ನನ್ನ ಮುಖ್ಯ ಕೆಲಸ, ಪಿಸುಗುಡುವ ಮಕ್ಕಳತ್ತ ಅಂಗೈ ಎತ್ತುವುದು. ಇಂಥ ಮನೆಗೆ ಗಾರ್ಗಿ ಬಂದಳು. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ದಿನ, ವಿಮಾನಕ್ಕೆ ನಾವೆಲ್ಲ ಸುಮ್ಮನಾದಾಗ, ನೆಲದ ಮೇಲೆ ಕುಳಿತಿದ್ದ ಅವಳೂ ಮುಷ್ಟಿ ಬಿಡಿಸಿ ಕೈ ಎತ್ತಿದಳು. ಸವಿತಾ ಕಿರುಚಿಯೇಬಿಟ್ಟಳು: “ಅಕ್ಕಾ, ನೋಡ್ರಿ ಇಲ್ಲಿ! ಮಾವನೋರು ಬಂದ್ರು!”

ಅವ್ವ ಕಣ್ಣೊರೆಸಿಕೊಂಡಳು. ನಾನು ಮೊಬೈಲು ಹುಡುಕಿದೆ. ಅಂದಿನಿಂದ ಅದೊಂದು ಪ್ರದರ್ಶನವಾಯಿತು. ಬಂದವರನ್ನು ವಿಮಾನ ಬರುವ ತನಕ ಕೂಡಿಸಿಕೊಂಡು, ಚಹಾದ ಮೇಲೆ ಚಹಾ ಕುಡಿಸಿ, ತೋರಿಸಿಯೇ ಕಳಿಸುತ್ತಿದ್ದೆವು.

ಬೇರೆ ಮಕ್ಕಳು ಆ ವಯಸ್ಸಿಗೆ ಟಾಟಾ ಮಾಡುತ್ತವೆ, ಚಪ್ಪಾಳೆ ತಟ್ಟುತ್ತವೆ. ನಮ್ಮ ಹುಡುಗಿ ಅವನ್ನೂ ಮಾಡುತ್ತಿದ್ದಳು. ಸರಿಯಾಗಿ ವರ್ಷ ತುಂಬುವಾಗ ತೋರುಬೆರಳೂ ಹೊರಟಿತು. ದೀಪ ತೋರಿಸುವಳು, ನನ್ನ ಮುಖ ನೋಡುವಳು, ಮತ್ತೆ ದೀಪ. ನಾನು ಬೇರೆ ಯಾರ ಕಡೆಯೋ ನೋಡುತ್ತಿದ್ದರೆ, ಪುಟ್ಟ ಕೈಗಳಿಂದ ನನ್ನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಳ್ಳುವಳು. “ಅತ್ತಿ ಅಂದ್ರ ಎಷ್ಟ್ ಪ್ರೀತಿ ನೋಡ” ಎಂದು ನಾನೇ ಹೇಳಿಕೊಂಡು ತಿರುಗಿದೆ. ಕುಕ್ಕರಿನ ಸೀಟಿಗೆ, ಗಣಪತಿಯ ಡೋಲಿಗೆ, ಯಾವುದಕ್ಕೂ ನಿದ್ದೆಯಲ್ಲಿ ಬೆಚ್ಚುತ್ತಿರಲಿಲ್ಲ. “ಪಾರ್ಲೆದಾಗ ಬೆಳಿಯೋ ಕೂಸು ಹಿಂಗ ಇರಬೇಕು” ಎಂದು ಅದಕ್ಕೂ ಹೆಮ್ಮೆ. ಆರು ತಿಂಗಳಲ್ಲಿ ದಿನವಿಡೀ ‘ಆ’, ‘ಊ’ ಎಂದು ದನಿ ತೆಗೆಯುತ್ತಿದ್ದವಳು ಬರಬರುತ್ತ ಸುಮ್ಮನಾಗಿದ್ದಳು. ‘ಬಾಬಾ’, ‘ಮಾಮಾ’ ಎನ್ನುವ ಸರಪಳಿ ಬರಲೇ ಇಲ್ಲ. ಸವಿತಾ ಒಂದೆರಡು ಸಲ ಮೆಲ್ಲಗೆ ಕೇಳಿದ್ದಳು, “ಅಕ್ಕಾ, ಹಿಂದ ನಿಂತು ಕರದ್ರ ತಿರಗಂಗಿಲ್ಲಲ್ರಿ?”

ಅವ್ವ, ಮಾತು ಬೇಗ ಬರಲೆಂದು ಕೂಸಿನ ನಾಲಿಗೆಗೆ ಸವರುವ ಬಜಿಯ ಬೇರು ತೇಯುತ್ತಲೇ ಉತ್ತರಿಸಿದ್ದಳು. “ಪ್ರಕಾಶ ಮಾತಾಡಿದ್ದು ಮೂರು ವರ್ಷಕ್ಕ. ಈಗ ನೋಡು, ಸುಮ್ನಿರೋ ಅಂದ್ರ ಇರ್ತಾನೇನು?” ಬಜಿಯ ಖಾರ ನಾಲಿಗೆಗೆ ತಾಗಿದಾಗ ಗಾರ್ಗಿ ಮುಖ ಕಿವುಚಿ ಅಜ್ಜಿಗೂ ಅಂಗೈ ತೋರಿಸಿದಳು. ನಾವು ನಕ್ಕೆವು. ನಾನು ನಗುವುದರ ಜೊತೆಗೆ ಸವಿತಾಳಿಗೆ ಉಪದೇಶವನ್ನೂ ಮಾಡಿದೆ: ವಿಮಾನ ಕೇಳಿಸುವ ಹುಡುಗಿಗೆ ನೀನು ಕರೆದದ್ದು ಕೇಳಿಸದೇ ಇರುತ್ತದೆಯೇ? ಆಟದಲ್ಲಿ ಮುಳುಗಿರುತ್ತಾಳೆ, ಅಷ್ಟೇ. ನಾಲ್ಕು ಪುಸ್ತಕ ಹೆಚ್ಚು ಮುಟ್ಟಿದವಳ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ. ಸವಿತಾ ಸುಮ್ಮನಾದಳು.

ಈಗ 4.10.

ನಮ್ಮ ಪಕ್ಕದ ಬಿಲ್ಡಿಂಗನ್ನು ಕೆಡವಿ ಹೊಸದನ್ನು ಕಟ್ಟುತ್ತಿದ್ದರು. ಕಾಂಪೌಂಡಿನ ಗೇಟಿನಾಚೆ ಮರಳಿನ ರಾಶಿ. ಗಾರ್ಗಿ ಹೊಸದಾಗಿ ನಡೆಯಲು ಕಲಿತಿದ್ದಳು. ಮರಳು ಕಂಡರೆ ಅವಳಿಗೆ ಜಾತ್ರೆ. ಅವಳನ್ನು ರಾಶಿಯ ಅಂಚಿನಲ್ಲಿ ಕೂಡಿಸಿ ನಾನು ಗೇಟಿನ ಕಲ್ಲುಬೆಂಚಿನ ಮೇಲೆ ಕುಳಿತೆ. ನಡುವೆ ಹತ್ತು ಹೆಜ್ಜೆ ಇದ್ದಿರಬೇಕು. ಬೆಳಿಗ್ಗೆ ತೆಗೆದ ವಿಡಿಯೋವನ್ನು ಗುಂಪಿಗೆ ಕಳಿಸಿ, ‘ಕಿವಿ ಎಷ್ಟು ಚುರುಕು’ ಎಂದು ಬರೆದು, ಯಾರು ಮೊದಲು ಮೆಚ್ಚುತ್ತಾರೆಂದು ನೋಡುತ್ತಿದ್ದೆ. ತಲೆಯೆತ್ತಿದಾಗ ಅವಳು ಮರಳಿನ ಬಳಿ ಇರಲಿಲ್ಲ. ರಸ್ತೆಯ ಮಧ್ಯದಲ್ಲಿ, ಏನೋ ಒಂದು ಬಾಟಲಿಯ ಮುಚ್ಚಳ ಹೆಕ್ಕುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ನೀರಿನ ಟ್ಯಾಂಕರು ಹಿಮ್ಮುಖವಾಗಿ ಗಲ್ಲಿಯೊಳಗೆ ಬರುತ್ತಿತ್ತು. ರಿವರ್ಸ್ ಹಾಕಿದರೆ ಹಾಡು ನುಡಿಸುವ ಟ್ಯಾಂಕರು ಅದು. ಇಡೀ ಗಲ್ಲಿಗೆ ಕೇಳುವ ಹಾಡು. ಗಾರ್ಗಿಯ ಬೆನ್ನು ಅದರ ಕಡೆಗಿತ್ತು.

“ಗಾರ್ಗೀ!” ಎಂದೆ. ಅವಳು ಮುಚ್ಚಳವನ್ನು ತಿರುಗಿಸಿ ನೋಡಿದಳು. “ಗಾರ್ಗೀ! ಗಾರ್ಗೀ!” ಮುಚ್ಚಳವನ್ನು ನೆಲಕ್ಕೆ ಬಡಿದಳು. ಬಾಯಿಂದ ಕೂಗು ಹೊರಟಿತು, ಕಾಲು ಮಾತ್ರ ಬೆಂಚಿನ ಬುಡದಲ್ಲೇ ಹೂತುಹೋಗಿತ್ತು. ಕಾಲು ಏಳುವಷ್ಟರಲ್ಲಿ ಮರಳು ಸಾಣಿಸುತ್ತಿದ್ದ ಹೆಂಗಸೊಬ್ಬಳು ಜರಡಿ ಬಿಸಾಕಿ, ಹದ್ದಿನಂತೆ ಹಾರಿ, ಮಗುವಿನ ರಟ್ಟೆ ಹಿಡಿದು ಎಳೆದುಕೊಂಡಿದ್ದಳು. ಟ್ಯಾಂಕರು ಹಾಡುತ್ತ ಮುಚ್ಚಳದ ಮೇಲೆ ಹಾಯ್ದುಹೋಯಿತು. ಚಾಲಕನಿಗೆ ಏನೂ ತಿಳಿಯಲಿಲ್ಲ. ಚಪ್ಪಟೆಯಾದ ಆ ಮುಚ್ಚಳವನ್ನು ನಾನು ಆಮೇಲೆ ನೋಡಿದೆ. ನೋಡಬಾರದಿತ್ತು.

ಆ ಹೆಂಗಸಿನ ಹೆಸರು ಮಲ್ಲಮ್ಮ. ಯಾದಗಿರಿ ಕಡೆಯವಳು. ಅದನ್ನೆಲ್ಲ ಆಮೇಲೆ ತಿಳಿದುಕೊಂಡೆ. ಆಗ ತಿಳಿದದ್ದು ಅವಳ ನಾಲಿಗೆ. “ಏನ್ರೀ ಬಾಯಾರ, ಕೂಸಿನ್ನ ಬೀದ್ಯಾಗ ಬಿಟ್ಟು ಫೋನ್ ನೋಡ್ಕೋತ ಕುಂತೀರಲ್ಲ! ಕಣ್ಣಾಗ ಏನ್ ಇಟ್ಕೊಂಡೀರಿ? ಇಷ್ಟ್ ಒದರ್ತೀರಿ, ಕೂಸಿಗರ ಕಿವಿ ಕೇಳ್ತಾವಿಲ್ಲೋ?”

ಬೈಗುಳದ ಭರದಲ್ಲಿ ಬಂದ ಮಾತು. ಆದರೆ ಅದನ್ನು ಆಡಿದಮೇಲೆ ಅವಳೇ ಮಗುವನ್ನು ದಿಟ್ಟಿಸಿ ನೋಡಿದಳು. ಮಗುವನ್ನು ನನ್ನ ಮಡಿಲಿಗೆ ಹಾಕಿ, ಅದರ ಮುಖ ನನ್ನ ಎದೆಯ ಕಡೆ ತಿರುಗಿಸಿ, ಹಿಂದೆ ಹೋಗಿ ನಿಂತಳು. ಮರಳು ಹೊರುವ ಕಬ್ಬಿಣದ ಬುಟ್ಟಿಯನ್ನು ಎತ್ತಿಕೊಂಡು ಸಲಿಕೆಯಿಂದ ಒಂದು ಏಟು ಹಾಕಿದಳು. ನಾನು ಬೆಚ್ಚಿಬಿದ್ದೆ. ಗೇಟಿನ ವಾಚ್‌ಮನ್ ಎದ್ದು ನಿಂತ. ಗಾರ್ಗಿ ನನ್ನ ಕನ್ನಡಕದ ದಾರದೊಡನೆ ಆಡುತ್ತಿದ್ದಳು.

“ನಮ್ ತಂಗಿ ಮಗಂದೂ ಹಿಂಗ ಇತ್ರೀ,” ಎಂದಳು ಮಲ್ಲಮ್ಮ. ದನಿ ಪೂರ್ತಿ ಬದಲಾಗಿತ್ತು. “ನಮಗ ತಿಳೀಲಿಲ್ಲ. ನಾಕು ವರ್ಷ ಆದಮ್ಯಾಲ ತಿಳೀತು. ನೀವು ಓದಿದೋರು. ಲಗೂನ ತೋರಸ್ರಿ.”

“ಇಲ್ಲ, ಇವಳಿಗೆ ವಿಮಾನ ಕೇಳಿಸುತ್ತೆ,” ಎಂದೆ ನಾನು. ಮೊಬೈಲು ತೆಗೆದು ಅವಳಿಗೆ ವಿಡಿಯೋ ತೋರಿಸಿದೆ. ಇದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಮಗುವಿನ ಪ್ರಾಣ ಉಳಿಸಿದವಳಿಗೆ ನಾನು ಕೊಟ್ಟ ಮೊದಲ ಉಡುಗೊರೆ ಒಂದು ವಾದ.

ಮಲ್ಲಮ್ಮ ಮರಳಿನ ಬೆರಳನ್ನು ಸೀರೆಗೆ ಒರೆಸಿಕೊಂಡು ವಿಡಿಯೋವನ್ನು ಎರಡು ಸಲ ನೋಡಿದಳು. “ಇದ್ರಾಗ ಯಾರೋ ಮೊದ್ಲ ಕೈ ಎತ್ಯಾರಲ್ರೀ,” ಎಂದಳು.

ನಾನು ನೋಡಿದೆ. ಚೌಕಟ್ಟಿನ ಅಂಚಿನಲ್ಲಿ, ಅರ್ಧ ಕಾಣುವಂತೆ, ಅವ್ವನ ಬಳೆ ತೊಟ್ಟ ಕೈ. ಅದು ಎದ್ದ ಮೇಲೆ ಗಾರ್ಗಿಯ ಕೈ ಎದ್ದಿತ್ತು. ಆ ವಿಡಿಯೋವನ್ನು ನಾನು ಇಪ್ಪತ್ತು ಸಲವಾದರೂ ನೋಡಿದ್ದೆ.

ಮನೆಗೆ ಬಂದು ಎಲ್ಲರನ್ನೂ ಕೂಡಿಸಿದೆ. ಟ್ಯಾಂಕರಿನ ಸಂಗತಿ ಹೇಳಿದೆ. ಸವಿತಾ ಮಗುವನ್ನು ಕಿತ್ತುಕೊಂಡು ಅದರ ಕಾಲು ಕೈ ಸವರಿ ಸವರಿ ನೋಡಿದಳು. ಆಮೇಲೆ ಹೇಳಿದೆ: “ಈಗ ವಿಮಾನ ಬಂದರೆ ಯಾರೂ ಕೈ ಎತ್ತಬೇಡಿ. ಮಾತು ನಿಲ್ಲಿಸಬೇಡಿ. ಸುಮ್ಮನೆ ಬಾಯಿ ಆಡಿಸುತ್ತಾ ಇರಿ.” ಐದು ನಿಮಿಷಕ್ಕೆ ಬಂತು. ಕಿಟಕಿಯ ಗಾಜು ಅದುರಿತು. ನಾವು ನಾಲ್ವರು ಒಬ್ಬರನ್ನೊಬ್ಬರು ನೋಡುತ್ತ, ನಗುಮುಖ ಮಾಡಿ, ಅರ್ಥವಿಲ್ಲದೆ ತುಟಿ ಅಲುಗಿಸಿದೆವು. ಕೈ ತಾನಾಗಿ ಏಳುತ್ತದೆಂದು ಅವ್ವ ತನ್ನ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಗಾರ್ಗಿ ಡಬ್ಬಿಯ ಮೇಲೆ ಡಬ್ಬಿ ಪೇರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ವಿಮಾನ ಹೋಯಿತು. ಮನೆ ನಿಶ್ಶಬ್ದವಾಯಿತು. ಅವಳು ನನ್ನತ್ತ ನೋಡಿದಾಗ ನಾನು ಬಾಯಿ ಮುಚ್ಚಿ ಮೆಲ್ಲಗೆ ಅಂಗೈ ಎತ್ತಿದೆ. ಅವಳ ಮುಖ ಅರಳಿತು. ಡಬ್ಬಿ ಬಿಟ್ಟು ತಾನೂ ಎತ್ತಿದಳು.

ಪ್ರಕಾಶ ಎದ್ದು ಹೊರಗಿನ ಗ್ಯಾಲರಿಗೆ ಹೋದ. ಸವಿತಾ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಆ ದಿನ ಸವಿತಾ ಟ್ರಂಕು ತೆಗೆದು ಬಾಗಲಕೋಟೆಯ ಆಸ್ಪತ್ರೆಯ ಫೈಲು ಹುಡುಕಿದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಿತ್ತು. ಫೈಲಿನಲ್ಲಿ ಡಿಸ್ಚಾರ್ಜ್ ಕಾಗದ ಇರಲಿಲ್ಲ, ದೇವರ ಮಾಡದಲ್ಲಿತ್ತು. ಏಕೆಂದರೆ ಅದರಲ್ಲಿ ಮಗು ಹುಟ್ಟಿದ ವೇಳೆ ಬರೆದಿತ್ತು. ಅದರ ಫೋಟೋ ತರಿಸಿಕೊಂಡು, ಜೋಯಿಸರಿಗೆ ತೋರಿಸಿ, ‘ಗ’ ಅಕ್ಷರ ಬಂತೆಂದು ಹೆಸರು ಆರಿಸಿದವಳು ನಾನೇ. ಗಂಟೆ, ನಿಮಿಷಗಳನ್ನು ಕನ್ನಡಕ ಒರೆಸಿ ಒರೆಸಿ ಓದಿದ್ದೆವು. ಕಾಗದಕ್ಕೆ ಅರಿಸಿನ ಕುಂಕುಮವನ್ನೂ ಹಚ್ಚಿದ್ದೆವು. ಕುಂಕುಮದ ಕೆಳಗೆ ಕೊನೆಯ ಸಾಲೊಂದಿತ್ತು: ಕಿವಿಯ ಪರೀಕ್ಷೆಯನ್ನು ಒಂದು ತಿಂಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಆಸ್ಪತ್ರೆಯವರು ಸ್ಪಷ್ಟವಾಗಿಯೇ ಬರೆದುಕೊಟ್ಟಿದ್ದರು. ಪುಸ್ತಕದ ಕೊನೆಯ ಪುಟ ಹರಿದಿದೆಯೇ ಎಂದು ದಿನಕ್ಕೆ ನೂರು ಪುಸ್ತಕ ತಿರುವಿ ನೋಡುವವಳು, ನನ್ನ ಮನೆಯ ಕಾಗದದ ಕೊನೆಯ ಸಾಲು ಓದಿರಲಿಲ್ಲ.

ಹೆಸರಿಡುವುದು ನಮ್ಮ ಕಡೆ ಸೋದರತ್ತೆಯ ಹಕ್ಕು. ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರಬೇಕು. ಉಸುರಿದ ತಕ್ಷಣ ಹೆಂಗಸರೆಲ್ಲ ಸೇರಿ ಅತ್ತೆಯ ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಯಾರಿಗೂ ಗೊತ್ತಿಲ್ಲ; ಗುದ್ದಲು ಕಾರಣವೂ ಬೇಕಿಲ್ಲ. ಬಾಗಲಕೋಟೆಯಲ್ಲಿ ನಾನು ಹಾಗೆ ಬಗ್ಗಿ, ಗುದ್ದು ತಿಂದು, ಎಷ್ಟು ಮೆತ್ತಗೆ, ಎಷ್ಟು ಮುದ್ದಾಗಿ ‘ಗಾರ್ಗಿ’ ಎಂದಿದ್ದೆ! ಆ ಹೆಸರು ಅವಳಿಗೆ ಮುಟ್ಟಿಯೇ ಇರಲಿಲ್ಲ. ಅಂದಿನಿಂದ ಅವಳನ್ನು ನಾವು ಕರೆಯುತ್ತಿದ್ದುದು ನಮ್ಮ ಕಿವಿಗಾಗಿ.

ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕಿತ್ತು. ಮುಂಜಾನೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಿಸದೆ ಕರೆತನ್ನಿ ಎಂದಿದ್ದರು. ನಾಲ್ಕು ಗಂಟೆಗೆ ಎಬ್ಬಿಸಿದೆವು. ರಿಕ್ಷಾದಲ್ಲಿ ಅವಳನ್ನು ಎಚ್ಚರವಾಗಿಡಲು ಅವ್ವ ಕಚಗುಳಿ ಇಟ್ಟಳು, ಪ್ರಕಾಶ ಕೋತಿಯಾದ, ನಾನು ಕನ್ನಡಕ ತೆಗೆದು ಹಾಕಿ ಮಾಡಿದೆ. ಆಸ್ಪತ್ರೆ ಮುಟ್ಟಿದಾಗ ಗಾರ್ಗಿ ಬೆಳಗಿನ ಕಾಗೆಯಂತೆ ಚುರುಕಾಗಿದ್ದಳು. ಕಾಯುವ ಕೋಣೆಯ ಬೆಂಚಿನ ಮೇಲೆ ನಾವು ನಾಲ್ವರೂ ಒಬ್ಬರ ಹೆಗಲಿಗೊಬ್ಬರು ಒರಗಿ ಗೊರಕೆ ಹೊಡೆದೆವಂತೆ. ನರ್ಸ್ ಬಂದು, “ಪೇಶಂಟ್ ಕೌನ್ ಹೈ?”, ಇವರಲ್ಲಿ ರೋಗಿ ಯಾರು, ಎಂದು ಕೇಳಿದಳಂತೆ.

ಕೊನೆಗೆ ಮಲಗಿದಳು. ತಲೆಗೆ ತಂತಿ ಅಂಟಿಸಿ, ಕಿವಿಗೆ ಶಬ್ದ ಕಳಿಸಿ, ಪರದೆಯ ಮೇಲೆ ಗೆರೆಗಳನ್ನು ನೋಡುವ ಪರೀಕ್ಷೆ. ಗೆರೆಗಳು ನಮಗೆ ತಿಳಿಯಲಿಲ್ಲ. ಪರೀಕ್ಷೆ ಮಾಡಿದ ಮರಾಠಿ ಹುಡುಗಿಯ ಮುಖ ತಿಳಿಯಿತು. ಅವಳು ಅವಸರ ಮಾಡದೆ, ಹಿಂದಿಯಲ್ಲಿ, ಸವಿತಾಳ ಕಡೆಗೆ ತಿರುಗಿ ಹೇಳಿದಳು. ಎರಡೂ ಕಿವಿಯಲ್ಲಿ ದೋಷವಿದೆ. ಪೂರ್ತಿ ಇಲ್ಲವೆಂದಲ್ಲ, ತುಂಬ ಕಡಿಮೆ. ಮಾತು ಅವಳನ್ನು ತಲುಪುತ್ತಿಲ್ಲ. ಯಂತ್ರ ಹಾಕಿದರೆ ತಲುಪಿಸಬಹುದು. ಇನ್ನೂ ಬೇಗ ಬಂದಿದ್ದರೆ ಚೆನ್ನಾಗಿತ್ತು. ಆದರೂ ಈಗ ಬಂದಿರುವುದು ತಡವಲ್ಲ.

ನಾನು ಅಂಗೈ ವಿಷಯ ತೆಗೆದೆ. ಅದು ತಪ್ಪೊಪ್ಪಿಗೆಯಂತೆಯೇ ಇತ್ತು. ವಿಮಾನ, ಅಪ್ಪ, ವಿಡಿಯೋ ಎಲ್ಲ ಹೇಳಿ, “ಆ ಕೈಯಿಂದ ನಾವು ಮೋಸಹೋದೆವು” ಎಂದೆ.

ಅಷ್ಟರಲ್ಲಿ ಗಾರ್ಗಿಗೆ ಎಚ್ಚರವಾಗಿತ್ತು. ಮೇಜಿನ ಮೇಲಿದ್ದ ಹಳದಿ ಬಾತುಕೋಳಿಯ ಕಡೆಗೆ ಬೆರಳು ಚಾಚಿದಳು, ಆ ಹುಡುಗಿಯ ಮುಖ ನೋಡಿದಳು, ಮತ್ತೆ ಬಾತುಕೋಳಿ. ಕೊಡದೇ ಇದ್ದಾಗ ಅವಳ ಗದ್ದ ಹಿಡಿದು ತಿರುಗಿಸಿದಳು.

“ಅರೇ, ಯೇ ತೋ ಬಾತ್ ಕರ್ ರಹೀ ಹೈ!” ಎಂದಳು ಹುಡುಗಿ. ಇವಳು ಆಗಲೇ ಮಾತಾಡುತ್ತಿದ್ದಾಳಲ್ಲ! ಆಮೇಲೆ ನನ್ನ ಕಡೆ ತಿರುಗಿ ಹೇಳಿದ್ದರ ಸಾರಾಂಶ ಇಷ್ಟು: ಬಾಯಿಂದ ಮಾತು ಬರುವ ಮೊದಲು ಮಕ್ಕಳು ಕೈಯಿಂದ ಆಡುತ್ತಾರೆ. ತೋರಿಸಿ, ನಿಮ್ಮ ಮುಖ ನೋಡಿ, ‘ನೀನೂ ಕಂಡೆಯಾ’ ಎಂದು ಕೇಳುತ್ತಾರೆ. ಅದು ಯಾವ ಮಗುವಿನಲ್ಲಿ ಕಾಣುವುದಿಲ್ಲವೋ ಅಲ್ಲಿ ಬೇರೆ ಚಿಂತೆ. ಇವಳು ಶಬ್ದ ಸಿಗದಿದ್ದರೂ ಸುಮ್ಮನೆ ಕೂರಲಿಲ್ಲ. ನಿಮ್ಮ ಮನೆಯಲ್ಲಿ ಕಣ್ಣಿಗೆ ಕಾಣುವ ಮಾತು ಒಂದೇ ಒಂದಿತ್ತು, ಅದನ್ನು ಕಲಿತಳು. ನಿಮ್ಮ ಅಪ್ಪ ಒಳ್ಳೆಯ ಮೇಷ್ಟ್ರು.

ಆ ಕೋಣೆಯಲ್ಲಿ ಮೊದಲು ಅತ್ತದ್ದು ನಾನು. ಹದಿನೈದು ದಿನಗಳ ಮೇಲೆ ಸವಿತಾ ನನ್ನ ಮುಖ ನೋಡಿದ್ದೂ ಅಲ್ಲಿಯೇ. “ಸುಮ್ನಿರ್ರಿ ಅಕ್ಕಾ, ಕೂಸು ಹೆದರ್ತೈತಿ,” ಎಂದು ತನ್ನ ಸೆರಗು ಕೊಟ್ಟಳು. ಅಷ್ಟೇ ಮಾತು. ಅದಕ್ಕಿಂತ ದೊಡ್ಡ ಕ್ಷಮೆ ನನಗೆ ಬೇಡ.

ಕಿವಿಯೊಳಗೆ ಮೆತ್ತನೆಯ ಹಿಟ್ಟು ತುಂಬಿ ಅಚ್ಚು ತೆಗೆದರು. ನೇರಳೆ ಬಣ್ಣದ ಯಂತ್ರ ಬಂತು. ಹಾಕಿದ ದಿನ ಗಾರ್ಗಿ ನಗುತ್ತಾಳೆ, ಸಂಭ್ರಮಪಡುತ್ತಾಳೆ ಎಂದೆಲ್ಲ ಕಾಯ್ದಿದ್ದೆವು. ಅವಳು ಕಿತ್ತೆಸೆದಳು. ಅವ್ವನ ಉಪ್ಪಿಟ್ಟಿನ ಬೋಗುಣಿಯಲ್ಲಿ ಒಂದು ಸಿಕ್ಕಿತು, ಪ್ರಕಾಶನ ಷೂನಲ್ಲಿ ಒಂದು. ಕುಕ್ಕರ್ ಕೂಗಿದರೆ ಚೀರಿ ಸವಿತಾಳ ಸೀರೆಯೊಳಗೆ ಹೊಕ್ಕಳು. ಹಗಲೆಲ್ಲ ಶಬ್ದದ ಗದ್ದಲ. ಮಲಗುವಾಗ ಯಂತ್ರ ತೆಗೆದರೆ, ಸಿಕ್ಕಿದ್ದು ಮತ್ತೆ ಹೋಯಿತೆಂದು ಅಳು. ಕತ್ತಲಲ್ಲಿ ಎದ್ದು ಯಾರ ಮುಖ ಎಲ್ಲಿದೆಯೆಂದು ತಡಕುವಳು. ಸವಿತಾಳಿಗೆ ನಿದ್ದೆಯಿಲ್ಲ. ಪ್ರಕಾಶ ಪಾಳಿಯಿಂದ ಬಂದು ಕೂತೇ ಇರುವನು. ನನಗಂತೂ ಕಣ್ಣು ಮುಚ್ಚಿದರೆ ಹಾಡುತ್ತ ಬರುವ ಟ್ಯಾಂಕರು. ಕೆಲವು ಸಲ ಮಲ್ಲಮ್ಮ ಸಮಯಕ್ಕೆ ಬರುತ್ತಿದ್ದಳು, ಕೆಲವು ಸಲ ಬರುತ್ತಿರಲಿಲ್ಲ. ಬಾರದ ದಿನ ನಾನು ಎದ್ದು ಹೋಗಿ ಮಗುವಿನ ಕಾಲು ಮುಟ್ಟಿ ನೋಡುತ್ತಿದ್ದೆ. ಅಲ್ಲಿ ಆಗಲೇ ಸವಿತಾಳ ಕೈ ಇರುತ್ತಿತ್ತು.

ಹೀಗೆ ಎರಡು ತಿಂಗಳು. ಒಂದು ದಿನ ಅವ್ವ ತೀರ್ಪು ಕೊಟ್ಟಳು: “ಅವತ್ತ ಹೆಸರು ಕಿವಿಗೆ ಬಿದ್ದಿಲ್ಲಂದ್ರ ಶಾಸ್ತ್ರ ಆಗೇ ಇಲ್ಲ. ನಮ್ಮ ಗಾರಿಗಿಗೆ ಮತ್ತ ಹೆಸರ ಇಡಬೇಕು.” ಅವ್ವನ ಬಾಯಲ್ಲಿ ಗಾರ್ಗಿ ಮೊದಲಿನಿಂದಲೂ ಗಾರಿಗಿ, ಬೆಲ್ಲದ ಗಾರಿಗೆ.

ಭಾನುವಾರವೆಂದು ಗೊತ್ತುಮಾಡಿದೆವು. ಮಲ್ಲಮ್ಮನನ್ನು ಕರೆಯಲು ನಾನೇ ಹೋದೆ. ಹೊಸ ಬಿಲ್ಡಿಂಗು ಆಗ ನಾಲ್ಕನೆಯ ಮಹಡಿಗೆ ಬಂದಿತ್ತು. “ನನಗ್ಯಾಕ್ರೀ ಅದೆಲ್ಲ,” ಎಂದವಳು, ಅತ್ತೆಯನ್ನು ಗುದ್ದುವುದಿದೆ ಎಂದ ಕೂಡಲೇ, “ಹಂಗಾರ ಬರ್ತೀನಿ. ಅವತ್ತಿಂದು ಬಾಕಿ ಐತಿ,” ಎಂದು ನಕ್ಕಳು. ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಳು. ಗಾರ್ಗಿ ಅವಳನ್ನು ನೋಡಿ ಟಾಟಾ ಮಾಡಿದಳು. ಬಂದವರಿಗೂ ಟಾಟಾ, ಹೋಗುವವರಿಗೂ ಟಾಟಾ, ಅದರಲ್ಲಿ ಅವಳಿಗೆ ಭೇದವಿಲ್ಲ.

ಒಂದು ತೊಡಕು ಬಂತು. ಆ ಯಂತ್ರದ ತೀರ ಹತ್ತಿರ ಏನಾದರೂ ತಂದರೆ ಅದು ಕುಂಯ್ ಎಂದು ಸೀಟಿ ಹೊಡೆಯುತ್ತದೆ. ನಾನು ಶಾಸ್ತ್ರದ ಪ್ರಕಾರ ಕಿವಿಯ ಹತ್ತಿರ ಬಾಯಿ ಒಯ್ದೆ. ‘ಕುರ್ರ್’ ಎನ್ನುವ ಮೊದಲೇ ಅದು ‘ಕುಂಯ್’ ಎಂದಿತು. ಮಗು ತಲೆ ಕೊಡವಿತು. ಮತ್ತೊಮ್ಮೆ ಬಗ್ಗಿದೆ, ಮತ್ತೆ ಕುಂಯ್.

“ದೂರ ನಿಂತು ಹೇಳ್ರಿ ಅಕ್ಕಾ,” ಎಂದಳು ಸವಿತಾ.

ಶಾಸ್ತ್ರದಲ್ಲಿ ಇಲ್ಲದ ದೂರದಲ್ಲಿ, ಒಂದು ಮೊಳ ಹಿಂದೆ ಕುಳಿತು, ಸಾದಾ ದನಿಯಲ್ಲಿ ಹೇಳಿದೆ. “ಕುರ್ರ್... ಗಾರ್ಗಿ.” ಅವಳು ಸಕ್ಕರೆಯ ಬಟ್ಟಲಿನಲ್ಲಿ ಕೈ ಹಾಕಿದ್ದಳು. ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ. ಇಲ್ಲ. ಆಗಲೇ ಬಿತ್ತು ಬೆನ್ನಿಗೆ. ಅವ್ವನದು ಹೂವಿನ ಗುದ್ದು. ಸವಿತಾ ಎರಡು ತಿಂಗಳದ್ದನ್ನೆಲ್ಲ ಸೇರಿಸಿ ಮೂರು ಕೊಟ್ಟಳು.

“ಏನ್ ಮೆತ್ತಗ ಗುದ್ತೀರಿ, ಸರೀರಿ ಅತ್ತಾಗ,” ಎಂದು ಮಲ್ಲಮ್ಮ ಬಳೆ ಮೇಲಕ್ಕೆ ಸರಿಸಿದಳು. ಸಿಮೆಂಟಿನ ಚೀಲ ಎತ್ತುವ ಕೈ. ನಾನು ಬೋರಲು ಬಿದ್ದೆ. ಕನ್ನಡಕ ಸಕ್ಕರೆಯಲ್ಲಿ, ಜಡೆ ಆರತಿಯ ತಟ್ಟೆಯಲ್ಲಿ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪ್ರಕಾಶ ಗೋಡೆ ಹಿಡಿದುಕೊಂಡ. ಸವಿತಾ ನಗುವುದನ್ನು ನಾನು ಎಷ್ಟೋ ದಿನಗಳ ಮೇಲೆ ಕೇಳಿದೆ. ನಾನೂ ಬಿದ್ದಲ್ಲೇ ನಗತೊಡಗಿದೆ. ಆ ಗದ್ದಲದಲ್ಲಿ ನಮಗೆ ಹೊರಗಿನದೇನೂ ಕೇಳಿಸುತ್ತಿರಲಿಲ್ಲ.

ಬಿದ್ದಲ್ಲಿಂದ ತಲೆಯೆತ್ತಿ ನೋಡಿದೆ. ಗಾರ್ಗಿ ಸಕ್ಕರೆಯಿಂದ ಕೈ ತೆಗೆದಿದ್ದಳು. ಅವಳು ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚಾವಣಿಯ ಕಡೆ ನೋಡುತ್ತಿದ್ದಳು. ನೋಡುತ್ತ ನೋಡುತ್ತ, ಸಕ್ಕರೆ ಅಂಟಿದ ಬಲಗೈಯನ್ನು ಮೆಲ್ಲಗೆ ಮೇಲೆತ್ತಿ, ಅಂಗೈ ಬಿಡಿಸಿ, ನಮ್ಮೆಲ್ಲರ ಮುಂದೆ ಹಿಡಿದಳು.

ನಗು ಒಂದೊಂದಾಗಿ ನಿಂತಿತು. ಆಗ ನಮಗೂ ಕೇಳಿಸಿತು, ದೂರದಿಂದ ಏರಿ ಬರುತ್ತಿದ್ದ ಮೊರೆತ. ಆಮೇಲೆ ಕಿಟಕಿಯ ಗಾಜು ಅದುರಿತು. ನಮ್ಮಲ್ಲಿ ಒಬ್ಬರ ಕೈಯೂ ಎದ್ದಿರಲಿಲ್ಲ. ಅದು ತಲೆಯ ಮೇಲೆ ಹಾದುಹೋಗಿ, ಸಮುದ್ರದ ಕಡೆಗೆ ಸರಿದು, ಪೂರ್ತಿ ಅಡಗುವ ತನಕ ಅವಳು ಕೈ ಇಳಿಸಲಿಲ್ಲ. ನಾವು ಉಸಿರಾಡಲಿಲ್ಲ.

“ಹೋತೇನವ್ವಾ?” ಎಂದಳು ಮಲ್ಲಮ್ಮ, ಅವಳಿಗೆ ಕಾಣುವಂತೆ ಎದುರಿಗೆ ಬಗ್ಗಿ. ಗಾರ್ಗಿ ಕೈ ಇಳಿಸಿ ಸಕ್ಕರೆಗೆ ಮರಳಿದಳು.

ಹೆಸರಿಗೆ ತಿರುಗಲು ಇನ್ನೂ ಹನ್ನೆರಡು ದಿನ ಬೇಕಾದವು. ಮೊದಲ ಮಾತಿಗೆ ಇನ್ನೂ ಕೆಲವು ತಿಂಗಳು. ಅವುಗಳ ಸಂತೋಷ ಬೇರೆ. ಆ ಭಾನುವಾರ ನಾವು ಮಲ್ಲಮ್ಮನನ್ನೂ ಕೂಡಿಸಿಕೊಂಡು ಊಟ ಮಾಡಿದೆವು. ಮಲ್ಲಮ್ಮ ಹೊರಡುವಾಗ ಅವಳ ಎರಡೂ ಕೈ ಹಿಡಿದುಕೊಂಡೆ. “ಬೆನ್ನಿಗೆ ಬಿಸಿನೀರ ಶಾಖ ಕೊಡ್ರಿ,” ಎಂದು ಹೇಳಿ ಇಳಿದುಹೋದಳು.

ಮರುದಿನ ನಮಗೆ ಎಚ್ಚರವಾಗಿ ಬಾಗಿಲು ತೆಗೆದಾಗ ಹಾಲಿನ ಪಾಕೀಟುಗಳು ಹಿಡಿಕೆಗೆ ನೇತಾಡುತ್ತಿದ್ದವು. ಬಿಸಿಲು ಮೆಟ್ಟಿಲ ಮೇಲಿತ್ತು. ಸಂಜೆ ಹಾಲಿನ ಭೈಯಾ ಸಿಕ್ಕವನು ಅವ್ವನನ್ನು ತರಾಟೆಗೆ ತೆಗೆದುಕೊಂಡ. ಮೂರು ಸಲ ಬೆಲ್ ಒತ್ತಿದೆ, ಬಾಗಿಲು ಬಡಿದೆ, ಮನೆಯಲ್ಲಿ ಎಲ್ಲರೂ ಕಿವುಡರಾದಿರೇನು ಎಂದ.

ಅವ್ವ ತನ್ನ ಹರಕು ಹಿಂದಿಯನ್ನೂ ಹುಡುಕಲಿಲ್ಲ. “ಹೌದಪ್ಪಾ,” ಎಂದಳು ಕನ್ನಡದಲ್ಲೇ, “ನಿನ್ನೆ ಒಂದ್ ರಾತ್ರಿ ಎಲ್ಲಾರೂ.”

ಆ ರಾತ್ರಿ ನಮ್ಮ ತಾರಸಿಯ ಮೇಲೆ ಎಷ್ಟು ವಿಮಾನ ಹಾರಿದವೋ, ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.